ಅಬ್ಬಾ ಹಾಕಿದ ಸೀಲು

ಶಂಭುಲಿಂಗಗೌಡರ ಟ್ರ್ಯಾಕ್ಟರ್ ನಮ್ಮ ಗ್ಯಾರೇಜಿನ ಮುಂದೆ ಬಂದು ನಿಂತಾಗ ನನಗೆ ಖುಷಿಯೇ ಆಯಿತು. ಸುಳ್ಳೇಕೆ ಹೇಳಲಿ? ಹೆಬ್ಬಳ್ಳಿಯಲ್ಲಿ ಹಿಂಗಾರಿ ಬಿತ್ತನೆಗೆ ಹೊಲ ಹದಕ್ಕೆ ಬಂದಿತ್ತು. ವರ್ಷಗಳಿಂದ ಆಗಾಗ ಕೈಕೊಡುತ್ತಿದ್ದ ಗೌಡರ ಆ ಮುದಿ ಟ್ರ್ಯಾಕ್ಟರಿನ ಲಿಫ್ಟು ಈಗಂತೂ ನೇಗಿಲನ್ನು ಎತ್ತಿ ಹಿಡಿಯಲು ಒಲ್ಲೆನ್ನುತ್ತಿತ್ತು. ಧಾರವಾಡದ ಮೇಸ್ತ್ರಿಗಳು ಪಂಪು ಬದಲಿಸಿ ನೋಡಿದರು, ಎಣ್ಣೆ ಬದಲಿಸಿ ನೋಡಿದರು. ಅವರ ಶೆಡ್ಡಿನಲ್ಲಿ ಗಟ್ಟಿಯಾಗಿ ನಿಂತ ನೇಗಿಲು ಗೌಡರ ಹೊಲಕ್ಕೆ ಹೋದೊಡನೆ ತಾನೇ ಬೀಳುತ್ತಿತ್ತು. ಕಡೆಗೆ ಗತಿಯಿಲ್ಲದೆ ನಮ್ಮಲ್ಲಿಗೆ ಬಂದಿದ್ದರು.

ನಮ್ಮಲ್ಲಿಗೆ ಬರಲು ಅವರಿಗೆ ಮುಖವಿರಬಾರದಿತ್ತು. ಕೆಲವು ವರ್ಷಗಳ ಹಿಂದೆ ಇದೇ ಲಿಫ್ಟನ್ನು ರಿಪೇರಿ ಮಾಡಿದವರು ನನ್ನ ಅಬ್ಬಾ, ಅಹಮದಸಾಬ. ಎಣ್ಣೆ ತಡೆಯುವ ಹೊಸ ರಬ್ಬರ್ ಸೀಲು ಹಾಕಿ, ಇಂಜಿನ್ ಚಾಲೂ ಇಟ್ಟು, ಎತ್ತಿದ ನೇಗಿಲಿನ ಕೆಳಗೆ ಕೊನೆಯ ನಟ್ಟು ಬಿಗಿಯುತ್ತಿದ್ದಾಗ ನೇಗಿಲು ಬಿತ್ತು. ಬಲಗೈಯ ಮೂರು ಬೆರಳು ಹೋದವು. ಅಬ್ಬಾ ಆಸ್ಪತ್ರೆಯಿಂದ ಮನೆಗೆ ಬರುವ ಮೊದಲೇ ಗೌಡರು ಶಾಂತಯ್ಯನ ಚಹಾದಂಗಡಿಯ ಕಟ್ಟೆಯ ಮೇಲೆ ಕುಳಿತು, “ಮುದುಕಗ ಕೆಲಸಾ ಮರತೈತಿ. ಸೀಲು ಉಲ್ಟಾ ಹಾಕ್ಯಾನ” ಎಂದು ಊರಿಗೆಲ್ಲ ಸಾರಿದ್ದರು. ಊರು ನಂಬಿತು. ಅದನ್ನಾದರೂ ನುಂಗಿಕೊಳ್ಳಬಹುದಿತ್ತು, ಆದರೆ ಅಬ್ಬಾ ಕೂಡ ನಂಬಿಬಿಟ್ಟರು. ಊಟಕ್ಕೆ ಕುಳಿತವರು ತುತ್ತು ಕೈಯಲ್ಲೇ ಹಿಡಿದು, “ಶಾಜಿಯಾ, ಆ ಸೀಲು ನಾ ಯಾವ ಮಗ್ಗಲಿಗೆ ಹಾಕಿದ್ದೆ?” ಎಂದು ಕೇಳುತ್ತಿದ್ದರು. ಆಮೇಲೆ ಅವರು ನಟ್ಟು ಬಿಗಿಯುವ ಪಾನಾ ಮುಟ್ಟಲೇ ಇಲ್ಲ. ಗ್ಯಾರೇಜು ನನ್ನ ಕೈಗೆ ಬಂತು.

ಗೌಡರು ಇಳಿದವರೇ, ನೇಗಿಲನ್ನು ಏರಿಸಿ ಇಳಿಸುವ ಲಿಫ್ಟಿನ ಹಿಡಿಕೆಗೆ ಕೆಂಪು ಬಟ್ಟೆಯಲ್ಲಿ ಕಟ್ಟಿದ್ದ ತೆಂಗಿನಕಾಯಿಯನ್ನು ಬಿಚ್ಚಿ ಕಣ್ಣಿಗೊತ್ತಿಕೊಂಡರು. ಪ್ರತಿ ಅಮಾವಾಸ್ಯೆಗೆ ಟ್ರ್ಯಾಕ್ಟರ್ ತೊಳೆದು, ಪೂಜೆ ಮಾಡಿ, ಹೊಸ ಕಾಯಿ ಕಟ್ಟುವುದು ಅವರ ಮನೆಯ ರೂಢಿ. ದೇವರ ಕಾಯಿಗೆ ಮೇಸ್ತ್ರಿಗಳ ಎಣ್ಣೆಗೈ ತಾಗಬಾರದು. ಹೀಗಾಗಿ ರಿಪೇರಿಗೆ ಮೊದಲು ಬಿಚ್ಚುವವರೂ ಅವರೇ, ಮುಗಿದ ಮೇಲೆ ಕಟ್ಟುವವರೂ ಅವರೇ.

“ನಿಮ್ಮಪ್ಪನ್ಹಂಗ ಮಾಡಬ್ಯಾಡವಾ. ಲಕ್ಷ್ಯ ಕೊಟ್ಟು ಮಾಡು” ಎಂದರು.

ಬಾಗಿಲ ಬಳಿಯ ಸ್ಟೂಲಿನಲ್ಲಿ ಅಬ್ಬಾ ಕುಳಿತಿದ್ದರು. ಅವರಿಗೆ ಕೇಳಲಿ ಎಂದೇ ಆಡಿದ ಮಾತು ಅದು. ನನ್ನ ಮೈ ಉರಿದುಹೋಯಿತು. “ಆತ್ರಿ ಗೌಡ್ರ” ಎಂದಷ್ಟೇ ಹೇಳಿದೆ.

ಲಿಫ್ಟು ಬಿಚ್ಚಿದೆ. ಪಂಪು ಬದಲಿಸಿದವರು ಅಷ್ಟು ಒಳಗೆ ಕೈಹಾಕಿರಲಿಲ್ಲ. ಅಬ್ಬಾ ಹಾಕಿದ ಸೀಲು ಹಾಗೆಯೇ ಇತ್ತು, ಇರಬೇಕಾದ ಮಗ್ಗಲಿಗೇ ಇತ್ತು, ಒಂದು ಗೀರೂ ಬಿದ್ದಿರಲಿಲ್ಲ. ಅದನ್ನು ಹಿಡಿದು ಅಬ್ಬಾನ ಬಳಿ ಓಡಬೇಕೆನಿಸಿತು. ಆದರೆ ಸೀಲಿನದಲ್ಲವೆಂದರೆ ತಪ್ಪು ಯಾವುದರದು? ಆ ಉತ್ತರವಿಲ್ಲದೆ ಹೋದರೆ ಮಗಳು ಸಮಾಧಾನಕ್ಕೆ ಹೇಳುತ್ತಾಳೆ ಎಂದುಕೊಳ್ಳುತ್ತಿದ್ದರು. ಎಣ್ಣೆ ಸೋಸುವ ಜಾಲರಿ ಸ್ವಚ್ಛವಿತ್ತು, ಎಣ್ಣೆ ಎಲ್ಲೂ ಸೋರುತ್ತಿರಲಿಲ್ಲ. ಎಲ್ಲ ಜೋಡಿಸಿ ನೇಗಿಲು ಎತ್ತಿಟ್ಟೆ. ಮಧ್ಯಾಹ್ನವೆಲ್ಲ ಅದು ಅಲುಗಾಡಲಿಲ್ಲ.

ಸಂಜೆ ಗೌಡರು ಬಂದು ಇಂಜಿನ್ ಚಾಲೂ ಮಾಡಿದರು, ಭಕ್ತಿಯಿಂದ ಕಾಯಿ ಕಟ್ಟಿದರು. ನಾನು ಕೈ ಒರೆಸಿಕೊಳ್ಳುತ್ತ ನೋಡುತ್ತಿದ್ದೆ. ಹಿಡಿಕೆ ಕೆಳಗೆ ಜಾರುತ್ತಿತ್ತು. ಅದರ ಬುಡದ ವಾಶರು ಸವೆದಿತ್ತು. ಬರಿಯ ಹಿಡಿಕೆಯಾದರೆ ನಿಲ್ಲುತ್ತಿತ್ತು, ಕಾಯಿಯ ಭಾರಕ್ಕೂ ಇಂಜಿನ್ನಿನ ನಡುಕಕ್ಕೂ ತುಸುತುಸುವೇ ಇಳಿಯುತ್ತಿತ್ತು. ಒಂದು ಹಂತ ದಾಟಿದರೆ ನೇಗಿಲು ಒಮ್ಮೆಲೇ ಬೀಳುತ್ತದೆ. ಅಂದು ಅಬ್ಬಾ ಕೆಳಗಿದ್ದಾಗಲೂ ಇದೇ ಮನುಷ್ಯ ಬಂದು ಕಾಯಿ ಕಟ್ಟಿರಬೇಕು.

ಹಿಡಿಕೆಯನ್ನು ಮತ್ತೆ ಮೇಲಕ್ಕೆ ತಳ್ಳಿದೆ. ಬಾಯಿ ಬಿಟ್ಟು ಹೇಳಬಹುದಿತ್ತು.

“ಗೌಡ್ರ, ಕೆಳಗಿನ ನಟ್ಟು ಒಂದೀಟು ಹಿಡೀರಿ” ಎಂದೆ.

ಅವರು ಕುಕ್ಕರಗಾಲಲ್ಲಿ ಕುಳಿತು ಕೈ ಒಳಗೆ ಹಾಕಿದರು. ಅಬ್ಬಾನ ಕೈ ಇದ್ದ ಜಾಗದಲ್ಲೇ. ನಾನು ಹಿಡಿಕೆಯನ್ನು ನೋಡುತ್ತ ನಿಂತೆ. ಅದು ಇಳಿಯಿತು, ಇನ್ನಷ್ಟು ಇಳಿಯಿತು. ನನಗೆ ಅಯ್ಯೋ ಎನಿಸಲಿಲ್ಲ.

ಅಬ್ಬಾ ಯಾವಾಗ ಎದ್ದರೋ ಗೊತ್ತಾಗಲಿಲ್ಲ. ಓಡಿ ಬಂದವರು ಗೌಡರ ಅಂಗಿ ಹಿಡಿದು ಹಿಂದಕ್ಕೆ ಜಗ್ಗಿದರು. ನೇಗಿಲು ಧೊಪ್ಪೆಂದು ನೆಲಕ್ಕೆ ಬಿತ್ತು. ಗೌಡರು ಮಣ್ಣಲ್ಲಿ ಕುಳಿತು ತಮ್ಮ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಅಬ್ಬಾ ಅವರನ್ನು ನೋಡುತ್ತಿರಲಿಲ್ಲ. ಹಿಡಿಕೆಯನ್ನು, ಅದಕ್ಕೆ ಜೋತಾಡುತ್ತಿದ್ದ ಕಾಯಿಯನ್ನು ನೋಡುತ್ತಿದ್ದರು.

“ಸೀಲು?” ಎಂದರು.

“ನೀವು ಹಾಕಿದ್ದಽ ಐತಿ ಅಬ್ಬಾ. ಬರೋಬ್ಬರಿ ಐತಿ.”

ಬೆರಳು ಹೋದಾಗ ಅಳದ ಮನುಷ್ಯ ಟ್ರ್ಯಾಕ್ಟರಿನ ಗಾಲಿಗೆ ಹಣೆಯಿಟ್ಟು ಅತ್ತರು.

ಗೌಡರು ಎದ್ದು ಕೈಮುಗಿದರು. “ಅಹಮದಸಾಬ, ನೀ ದೊಡ್ಡ ಮನಶ್ಯಾ. ನನ್ನ ಕೈ ಉಳಿಸಿದಿ.”

ಅಬ್ಬಾ ಕಣ್ಣೊರೆಸಿಕೊಂಡರು. “ದೊಡ್ಡಸ್ತನಾ ಅಲ್ರಿ ಗೌಡ್ರ. ನಿಮ್ಮ ಕೈ ಹೋಗಿದ್ರ ನಾಳೆ ನನ್ನ ಮಗಳ ಕೆಲಸಾ ಕೆಟ್ಟದ್ದು ಅಂತ ಮಂದಿ ಅಂತಿದ್ರು. ಅದಕ್ಕ ಜಗ್ಗಿದೆ. ಅವತ್ತೂ ನಾ ಕೆಳಗಿದ್ದಾಗ ನೀವು ಬಂದು ಕಾಯಿ ಕಟ್ಟಿದ್ರಿ, ಅದರ ಭಾರಕ್ಕ ಹಿಡಿಕಿ ಜಾರೇತಿ. ಈಗ ಶಾಂತಯ್ಯನ ಅಂಗಡಿ ಕಟ್ಟೀಗೆ ನಡೀರಿ. ನನ್ನ ಬೆರಳು ಯಾಕ ಹೋದ್ವು ಅಂತ ನಿಮ್ಮ ಬಾಯಿಲೆ ಹೇಳ್ರಿ.”

“ದೇವರ ಕಾಯಿಂದ ಹಿಂಗಾತು ಅಂತ ಹೆಂಗ ಹೇಳಲಿ?”

“ದೇವರು ಕಟ್ಟಿಲ್ರಿ. ನೀವು ಕಟ್ಟೀರಿ.”

ಅಬ್ಬಾ ಹೀಗೆ ಮಾತಾಡಬಲ್ಲರೆಂದು ನನಗೆ ಗೊತ್ತಿರಲಿಲ್ಲ. ಅವರಿಬ್ಬರ ಹಿಂದೆ ನಾನೂ ನಡೆದೆ. ಚಹಾದ ಹೊತ್ತು, ಕಟ್ಟೆ ತುಂಬಿತ್ತು. ಗೌಡರು ತಲೆ ತಗ್ಗಿಸಿ, ಹತ್ತಿರ ಕುಳಿತವರಿಗಷ್ಟೇ ಕೇಳುವಂತೆ ಎಲ್ಲ ಹೇಳಿ ಮುಗಿಸಿದರು.

“ಗೌಡ್ರ, ಹಿಂದ ಕೂತವ್ರಿಗೆ ಕೇಳಿಸಲಿಲ್ರಿ” ಎಂದೆ.

ಶಾಂತಯ್ಯ ಸದ್ದು ಮಾಡುತ್ತಿದ್ದ ಗ್ಯಾಸು ಆರಿಸಿದ. ಗೌಡರು ಮೊದಲಿನಿಂದ ಮತ್ತೆ ಹೇಳಿದರು. ನನಗಿನ್ನೂ ಸಾಕಾಗಿರಲಿಲ್ಲ.