ಹಗ್ಗದ ಮಂಚದ ಜಾಗ

“ಆ ಕಾಲ್ಕಡೆ ಹಿಡ್ಕೊ ಹುಸೇನಪ್ಪ, ಒಂದೇ ಏಟಿಗೆ ಎತ್ಬಿಡಾಣ,” ಎಂದು ಮಧುಕರ್ ಬಗ್ಗಿದ. ಅವನ ಟ್ಯಾಂಕರಿನ ಡ್ರೈವರ್ ಹುಸೇನಪ್ಪ ಆಗಲೇ ಹಗ್ಗದ ಮಂಚದ ಕಾಲಿಗೆ ಕೈ ಹಾಕಿದ್ದ. ಅಷ್ಟರಲ್ಲಿ, ಜಗಲಿಯಲ್ಲಿ ಗಂಡನ ಹೆಣದ ತಲೆಯ ಬಳಿ ಕುಳಿತಿದ್ದ ಮುನಿವೆಂಕಟಮ್ಮ ಎದ್ದು ಬಂದು, ಮಂಚದ ಮೇಲೆ ಎರಡೂ ಅಂಗೈ ಊರಿ ನಿಂತುಬಿಟ್ಟಳು.

“ಮಂಚ ಕದಲಿಸ್ಬೇಡ.”

“ಅಮ್ಮ, ಫ್ರೀಜರ್ ಬಾಕ್ಸ್ ಬಂದು ರೋಡಲ್ಲಿ ನಿಂತೈತೆ. ಅಪ್ಪನ್ನ ಇಡೋಕೆ ಜಾಗ ಬೇಡ್ವಾ?”

“ಬಾವಿ ಪಕ್ಕ ಇಡು.”

“ಅಲ್ಲಿ ಬಿಸಿಲಮ್ಮ!”

“ಅವರಿಗೇನು ಬಿಸಿಲು ಹೊಸದಾ?”

ಸತ್ತವನ ಅಕ್ಕ ಬಾಲಮ್ಮ ಗೋಡೆ ಹಿಡಿದುಕೊಂಡು ಮುಂದೆ ಬಂದಳು. ಎಂಬತ್ತರ ಹತ್ತಿರದ ಜೀವ. ಇಂಥ ಹೊತ್ತಿನಲ್ಲಿ ಏನು ಮಾಡಬೇಕು, ಏನು ಮಾಡಬಾರದು ಎಂಬುದೆಲ್ಲ ಅವಳ ನಾಲಿಗೆಯ ತುದಿಯಲ್ಲೇ ಇರುತ್ತದೆ. “ಜೀವ ಹೋದ ಮಂಚ ಮನೇಲಿ ಇಟ್ಕೋಬಾರ್ದು ಕಣೆ ಮುನಿವೆಂಕ್ಟಿ. ಹೆಣದ ಜೊತೇಲೇ ಆಚೆ ಹೋಗ್ಬೇಕು ಅದು.”

“ದೀಪ ಎಲ್ಲಿಡ್ತಾರಕ್ಕ? ಜೀವ ಹೋದ ಜಾಗದಲ್ಲಿ ತಾನೆ? ಅವರ ಜೀವ ಹೋಗಿದ್ದು ಇಲ್ಲೇ, ಈ ಮಂಚದ ಮೇಲೆ. ದೀಪಾನೂ ಇಲ್ಲೇ, ಮಂಚಾನೂ ಇಲ್ಲೇ.”

ಶಾಸ್ತ್ರ ಹೇಳಲು ಬಂದ ಬಾಲಮ್ಮನಿಗೆ ಶಾಸ್ತ್ರವೇ ಅಡ್ಡ ನಿಂತಿತ್ತು. ಮಧುಕರ್ ತಾಯಿಯ ಮುಖವನ್ನೊಮ್ಮೆ ನೋಡಿ, ಬಾಕ್ಸನ್ನು ಬಾವಿಯ ಪಕ್ಕಕ್ಕೆ ತರಿಸಿದ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರಲ್ಲ, ಮುನಿವೆಂಕಟಮ್ಮನ ಗಂಡ ಅಂಜನಮೂರ್ತಿಗೆ ಆ ಭಾಗ್ಯವೂ ಇರಲಿಲ್ಲ. ಆಳು ಉದ್ದ, ಮಂಚ ಗಿಡ್ಡ. ಪಾದಗಳು ಹಗ್ಗದಾಚೆ ಜೋತಾಡುತ್ತಿದ್ದವು. ಆದರೂ ಆರು ವರ್ಷ ಅವನು ಈ ಅಂಗಳದಲ್ಲಿ, ಇದೇ ಮಂಚದ ಮೇಲೆ ಮಲಗಿದ. ಮಳೆ ಬಂದರೆ ತಲೆಯ ಮೇಲೆ ಟಾರ್ಪಾಲ್ ಕಟ್ಟಿಸಿದನೇ ಹೊರತು ಮಂಚವನ್ನು ಒಂದು ಗೇಣು ಸರಿಸಗೊಡಲಿಲ್ಲ. ಮುದುಕನಿಗೆ ಅರಳುಮರಳು ಎಂದವರಿದ್ದರು. ಗಂಡಹೆಂಡಿರಿಗೆ ಸರಿಹೋಗುತ್ತಿಲ್ಲವೇನೋ ಎಂದು ಸೆರಗಿನ ಮರೆಯಲ್ಲಿ ನಕ್ಕವರೂ ಇದ್ದರು. ನಿಜವಾದ ಕಾರಣ ಇಬ್ಬರಿಗೆ ಮಾತ್ರ ಗೊತ್ತಿತ್ತು. ಈ ಬೆಳಿಗ್ಗೆಯಿಂದ ಅದು ಮುನಿವೆಂಕಟಮ್ಮ ಒಬ್ಬಳಿಗೇ ಗೊತ್ತು.

*

ಅಂಜನಮೂರ್ತಿಯ ಅಪ್ಪ ಕಗ್ಗದಾಸಪುರದ ನೀರಗಂಟಿ. ಕೆರೆಯ ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವುದು ಅವನ ಕೆಲಸ. ಗದ್ದೆಗಳು ಸೈಟುಗಳಾದವು. ಸೈಟಿನವರಿಗೆ ತೂಬು ಬೇಕಿರಲಿಲ್ಲ, ಬೋರ್‌ವೆಲ್ ಬೇಕಿತ್ತು. ಹಾಗಾಗಿ ಮಗ ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಬೀಳು ಸೈಟುಗಳಲ್ಲಿ ನಡೆಯುವುದನ್ನು ಕಲಿತ. ನೆಲದಡಿ ನೀರಿದ್ದರೆ ಕಾಯಿ ಜುಟ್ಟು ಮೇಲೆ ಮಾಡಿ ಎದ್ದು ನಿಲ್ಲುತ್ತದೆ. ಕಾಯಿಗೆ ನೀರು ತಿಳಿಯುತ್ತದೋ ಇಲ್ಲವೋ ಗಂಗಮ್ಮನೇ ಬಲ್ಲಳು; ಅಂಜನಮೂರ್ತಿ ಕಾಲಲ್ಲಿ ಗೀರಿದ ಕಡೆ ಕೊರೆದರೆ ನೀರು ಬರುತ್ತಿತ್ತು ಎನ್ನಲು ಇಂದಿರಾನಗರದಿಂದ ಕೆ.ಆರ್. ಪುರದವರೆಗೆ ಸಾಕ್ಷಿಗಳಿದ್ದರು. ‘ಪಾಯಿಂಟ್ ಅಂಜನಮೂರ್ತಿ’ ಎಂದೇ ಹೆಸರಾಯಿತು. ಮನೆ ಬಾಗಿಲಿಗೆ ಕಾರು ಬಂದು ಕರೆದೊಯ್ಯುವಾಗ ಮುನಿವೆಂಕಟಮ್ಮನಿಗೂ ಜಂಬವೇ. ರಜೆಯ ದಿನಗಳಲ್ಲಿ ಮಧುಕರ್ ಕಾಯಿ ಚೀಲ ಹೊತ್ತು ಅಪ್ಪನ ಹಿಂದೆ ಓಡುತ್ತಿದ್ದ.

ಏಳು ವರ್ಷದ ಹಿಂದೆ ಮರ್ಫಿ ಟೌನಿನಲ್ಲಿ ಒಂದು ಅಪಾರ್ಟ್‌ಮೆಂಟಿಗೆ ಪಾಯಿಂಟ್ ತೋರಿಸಿದ. ಬಂಗಾರದಂಥ ನೀರು ಬಂತು, ಅವನಿಗೆ ಹಾರ ಹಾಕಿದರು. ನಾಲ್ಕು ತಿಂಗಳಾದ ಮೇಲೆ ಆ ಅಪಾರ್ಟ್‌ಮೆಂಟಿನ ಹಿಂದಿನ ಗಲ್ಲಿಯಲ್ಲಿ ಕಮರುನ್ನೀಸಾ ಎಂಬಾಕೆಯ ಮನೆಯ ಬಾವಿ ಬತ್ತಿತು. ಹದಿನಾಲ್ಕು ಮನೆಗಳು ಸೇದುತ್ತಿದ್ದ ಬಾವಿ. ಸುದ್ದಿ ಕೇಳಿ ನೋಡಲು ಹೋದವನು ಮನೆಗೆ ಬಂದು ಮುದ್ದೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

“ಬಗ್ಗಿ ನೋಡ್ದೆ. ತಳದಲ್ಲಿ ಒಂದು ಒಡೆದ ಕೊಡ ಬಿದ್ದಿತ್ತು ಅಷ್ಟೆ. ಆ ಹೆಂಗಸು ಬೈಲಿಲ್ಲ ಕಣೆ. ಕ್ಯಾನ್ ನೀರಲ್ಲಿ ಟೀ ಮಾಡಿ ಕೊಟ್ಲು.”

ಅಂದಿಗೆ ಪಾಯಿಂಟ್ ನೋಡುವುದನ್ನು ಬಿಟ್ಟ. ಕಾರುಗಳು ಬಂದು ಖಾಲಿ ಹೋದವು. ಅವನ ಶಿಷ್ಯ, ಶಿವಾಜಿನಗರದ ಮುಕ್ತಾರನಿಗೆ ಗಿರಾಕಿಗಳು ಹೆಚ್ಚಿದರು.

ಮರುವರ್ಷ ಯುಗಾದಿಯ ಬೆಳಿಗ್ಗೆ. ಅಂಗಡಿಯಿಂದ ಪೂಜೆಗೆಂದು ಕಾಯಿ ತಂದವನು ಹಳೆಯ ಚಾಳಿಯಂತೆ ಅದನ್ನು ಅಂಗೈ ಮೇಲೆ ಮಲಗಿಸಿಕೊಂಡೇ ಅಂಗಳ ದಾಟುತ್ತಿದ್ದ. ನಡುವೆ ಬಂದಾಗ ಕಾಯಿ ದಡಕ್ಕನೆ ಎದ್ದು ನಿಂತಿತು. ರಂಗೋಲಿ ಬಿಡುತ್ತಿದ್ದ ಮುನಿವೆಂಕಟಮ್ಮ ಕಣ್ಣಾರೆ ಕಂಡಳು. ಹಾವು ತುಳಿದವನ ಹಾಗೆ ನಿಂತಿದ್ದ ಗಂಡ.

“ನೋಡಿದ್ಯಾ?”

“ನೋಡ್ದೆ.”

“ನಲ್ವತ್ತು ವರ್ಷದಲ್ಲಿ ಇಷ್ಟು ಜೋರಾಗಿ ಎದ್ದಿಲ್ಲ. ಇಲ್ಲಿ ಕೊರೆದ್ರೆ ನಮ್ಮ ಬಾವಿ ಮೂರು ತಿಂಗಳು ಬಾಳಲ್ಲ. ಮಧುಗೆ ಹೇಳ್ಬೇಡ.”

ಮಧುಕರ್ ಆ ವರ್ಷವೇ ನೀರು ಮಾರಲು ಮೊದಲ ಟ್ಯಾಂಕರ್ ಕೊಂಡಿದ್ದ. ಹಬ್ಬದೂಟ ಮುಗಿಸಿ ಅಂಜನಮೂರ್ತಿ ಒಳಗಿನಿಂದ ಹಗ್ಗದ ಮಂಚವನ್ನು ಎಳೆದು ತಂದು ಕಾಯಿ ಎದ್ದ ಜಾಗದ ಮೇಲೆ ಹಾಕಿದ. ಸುತ್ತ ಹನ್ನೊಂದು ಮನೆ ಆ ಬಾವಿಗೆ ಬರುತ್ತಿದ್ದವು. ದಿನಕ್ಕೆ ಮನೆಗೆ ಆರು ಕೊಡ, ಏಳನೆಯದು ಯಾರಿಗೂ ಇಲ್ಲ ಎಂದು ಕಟ್ಟಳೆ ಮಾಡಿ, ಮಂಚದ ಮೇಲೆ ಕುಳಿತು ಕಾದ. ನೀರಗಂಟಿಯ ಮಗನಿಗೆ ಕಡೆಗೂ ನೀರು ಹಂಚುವ ಕೆಲಸ ಸಿಕ್ಕಿತ್ತು. ಆರು ಬೇಸಿಗೆ ಕಳೆದರೂ ಬಾವಿಯಲ್ಲಿ ನೀರು ನಿಂತಿತ್ತು.

*

ಹೆಣಕ್ಕೆ ನೀರು ಹಾಕುವ ಹೊತ್ತಾಯಿತು. ಹುಸೇನಪ್ಪನ ಹೆಂಡತಿ ಜಟ್ಟೆಮ್ಮ ಬಾವಿಯಿಂದ ಸೇದಿ ಸೇದಿ ಇಡುತ್ತಿದ್ದಳು. ಯಾದಗಿರಿ ಕಡೆಯಿಂದ ಬಂದು, ಇದೇ ವಠಾರದ ಒಂದು ಕೋಣೆಯಲ್ಲಿ ಬಾಡಿಗೆಗಿರುವ ಸಂಸಾರ ಅದು.

“ಯಮ್ಮಾ, ಆರ್ ಕೊಡ ಆದ್ವು. ಇನ್ನ ಸೇದ್ಲೇನ್ರಿ?”

“ಸಾಕು,” ಎಂದಳು ಮುನಿವೆಂಕಟಮ್ಮ. “ನಮ್ಮ ಮನೇದು ಮುಗೀತು.”

ಮಧುಕರ್ ತಲೆಗೆ ಕಟ್ಟಿದ್ದ ಟವೆಲ್ ಬಿಚ್ಚಿದ. “ಸತ್ತೋರಿಗೂ ರೇಷನ್ನಾ ಅಮ್ಮ? ಹೊರಗಡೆ ನನ್ನ ಟ್ಯಾಂಕರ್ ತುಂಬಿ ನಿಂತೈತೆ. ನಮ್ಮಪ್ಪಂಗೆ ಮೈ ತುಂಬಾ ನೀರು ಹಾಕೋಕೂ ನಂಗೆ ಯೋಗ್ಯತೆ ಇಲ್ವಾ?” ಅವನ ದುಃಖದಲ್ಲಿ ಸುಳ್ಳಿರಲಿಲ್ಲ.

“ಅವರೇ ಮಾಡಿದ ಕಟ್ಟಳೆ ಕಣೋ. ಬಂದ ಜನಕ್ಕೆ ನಿನ್ನ ಟ್ಯಾಂಕರ್ ನೀರು ಕೊಡು. ಅವರಿಗೆ ಇಷ್ಟು ಸಾಕು.”

ಆರು ಕೊಡದಲ್ಲಿ ಸ್ನಾನ ಮುಗಿಯಿತು. ಅರ್ಧ ಕೊಡ ಉಳಿಯಿತು ಕೂಡ.

ಹೆಣದ ಮುಂದೆ ಕುಳಿತರೂ ಮುನಿವೆಂಕಟಮ್ಮನ ಕಣ್ಣು ಮಂಚದ ಮೇಲೇ ಇತ್ತು. ಗಂಡ ಸತ್ತ ದಿನ ಮನಸ್ಸು ಬಿಚ್ಚಿ ಅಳುವುದಕ್ಕೂ ಬಿಡುವಿಲ್ಲದಂತಾಯಿತಲ್ಲ ಎಂದು ಅವಳಿಗೆ ಸಂಕಟವಾಯಿತು. ಭಟ್ಟರಹಳ್ಳಿಯ ಬಳಿ ಮಧುಕರ್ ಟ್ಯಾಂಕರ್ ತುಂಬಿಸುತ್ತಿದ್ದ ಬೋರ್‌ವೆಲ್ಲು ಈ ಏಪ್ರಿಲ್‌ನಲ್ಲಿ ಬರೀ ಗಾಳಿ, ಕೆಸರು ಕಾರುತ್ತಿತ್ತು. ನಮ್ಮ ಅಂಗಳದಲ್ಲೇ ಕೊರೆಸೋಣ ಎಂದು ಹೋದ ವಾರ ಕೇಳಿದ್ದ. “ಎಂಥೆಂಥ ಅಪಾರ್ಟ್‌ಮೆಂಟ್‌ಗಳಿಂದ ಫೋನ್ ಮೇಲೆ ಫೋನ್ ಅಪ್ಪ. ಅಲ್ಲಿರೋರೂ ಜನಾನೇ ಅಲ್ವಾ? ಅವರಿಗೆ ನೀರು ಬೇಡ್ವಾ?” ತಪ್ಪು ಮಾತೇನಲ್ಲ. ಅಂಜನಮೂರ್ತಿ, “ಬೇಕು. ಆದ್ರೆ ಎಷ್ಟು ಕೊಟ್ರೆ ಅವರಿಗೆ ಸಾಕಾಗುತ್ತೆ ಹೇಳು, ಆಮೇಲೆ ಕೊರೆಸು,” ಎಂದಿದ್ದ. ಮಗ ಟ್ಯಾಂಕರ್‌ಗಳ ಲೆಕ್ಕ ಹಾಕಹೋಗಿ ನಡುವೆಯೇ ಬಿಟ್ಟಿದ್ದ. “ನಾನಿರೋವರೆಗೂ ಬೇಡ ಬಿಡು,” ಎಂದು ಮುದುಕ ಮಾತು ಮುಗಿಸಿದ್ದ. ಆ ಮಾತಿನ ಗಡುವು ಈ ಬೆಳಿಗ್ಗೆಗೆ ತೀರಿತ್ತು. ಹೇಗೂ ಒಪ್ಪಿಸುತ್ತೇನೆಂದು ಮಧುಕರ್ ಅಂದೇ ಹೇಳಿಟ್ಟಿದ್ದ, ಬೋರ್ ಕೊರೆಯುವ ರಿಗ್ ಲಾರಿ ನಾಳಿದ್ದು ಬರುವುದಿತ್ತು.

ಮಧ್ಯಾಹ್ನದ ಹೊತ್ತಿಗೆ ಆಟೋದಿಂದ ಬುರ್ಖಾ ತೊಟ್ಟ ವಯಸ್ಸಾದ ಹೆಂಗಸೊಬ್ಬಳು ಇಳಿದಳು. ಮುನಿವೆಂಕಟಮ್ಮ ಅವಳನ್ನು ಎಂದೂ ನೋಡಿರಲಿಲ್ಲ. ಆದರೂ ಯಾರೆಂದು ತಿಳಿಯಿತು.

“ನಾನು ಕಮರುನ್ನೀಸಾ. ಮರ್ಫಿ ಟೌನ್. ಮುಕ್ತಾರ್ ಫೋನ್ ಮಾಡಿ ಹೇಳ್ದ,” ಎಂದು ಅವಳು ಪಕ್ಕದಲ್ಲಿ ಕುಳಿತಳು. “ನಮ್ದು ಬಾವಿ ಹೋದಾಗ ಇವ್ರು ಬಂದು ಅತ್ಬಿಟ್ರಮ್ಮ. ಗಂಡಸ್ರು ಹಂಗೆ ಅಳೋದು ನಾನು ನೋಡಿರ್ಲಿಲ್ಲ. ಒಂದು ಮಾತೂ ಅನ್ನಲಿಲ್ಲ ನಾನು. ಅಂದ್ಬಿಡಬೇಕಿತ್ತು. ಅಂದಿದ್ರೆ ಅವ್ರಿಗೆ ಹಗುರ ಆಗ್ತಿತ್ತು.”

ಮುನಿವೆಂಕಟಮ್ಮ ಅವಳ ಕೈ ಹಿಡಿದುಕೊಂಡಳು.

“ಈ ಬಾವಿ ನೀರು ಒಂದು ಲೋಟ ಕೊಡ್ತೀರಾ?”

ಸ್ನಾನಕ್ಕೆ ಸೇದಿ ಉಳಿದಿದ್ದ ಅರ್ಧ ಕೊಡದಿಂದ ಜಟ್ಟೆಮ್ಮ ಬಗ್ಗಿಸಿಕೊಟ್ಟಳು. ಕಮರುನ್ನೀಸಾ ಪೂರ್ತಿ ಕುಡಿದು, ಲೋಟ ಮಡಿಲಲ್ಲಿಟ್ಟುಕೊಂಡು, “ನಮ್ದೂ ಹಿಂಗೇ ಇತ್ತು ರುಚಿ,” ಎಂದಳು. ಆಗ ಮುನಿವೆಂಕಟಮ್ಮ ಬೆಳಗಿನಿಂದ ಮೊದಲ ಸಲ ಬಾಯಿ ಬಿಟ್ಟು ಅತ್ತಳು.

*

ನಾಲ್ಕು ಗಂಟೆಗೆ ತಮಟೆಯ ಸದ್ದಿನೊಡನೆ ಹೆಣ ಹೊರಟಿತು. ಹೆಂಗಸರು ಗೇಟಿನ ತನಕ ಹೋಗಿ ನಿಂತರು. ಸ್ವಲ್ಪ ಹೊತ್ತಿಗೆ ದೂರದಲ್ಲಿ ತಮಟೆ ನಿಂತಿತು.

“ರೈಲ್ವೆ ಗೇಟ್ ಹಾಕಿರ್ಬೇಕು,” ಎಂದಳು ಬಾಲಮ್ಮ. “ಬದುಕಿದ್ದಾಗಲೂ ಕಾಯಿಸ್ತು, ಈಗ್ಲೂ ಕಾಯಿಸುತ್ತೆ.”

ರೈಲು ಹೋದ ಸದ್ದು ಕೇಳಿತು. ತಮಟೆ ಮತ್ತೆ ಶುರುವಾಯಿತು. ಅಂಗಳ ಸಾರಿಸಿ, ಮಂಚದ ತಲೆಯ ಕಡೆ ದೀಪ ಹಚ್ಚಿಟ್ಟರು.

ಮಣ್ಣು ಮುಗಿಸಿ ಗಂಡಸರು ದೀಪ ನೋಡಲು ಬಂದಾಗ ಇನ್ನೂ ಬೆಳಕಿತ್ತು. ಕಾಲು ತೊಳೆದು ಬಂದವರಲ್ಲಿ ಮುಕ್ತಾರನೂ ಇದ್ದ. ದೀಪಕ್ಕೆ ಕೈ ಮುಗಿದು, ಮಂಚದ ಹಗ್ಗವನ್ನೊಮ್ಮೆ ಮುಟ್ಟಿ, “ಉಸ್ತಾದ್ ಒಳಗೆ ಯಾಕೆ ಮಲಗಲ್ಲ ಅಂತ ಎಷ್ಟು ಸಲ ಕೇಳಿದ್ದೆ. ಹೇಳ್ಲೇ ಇಲ್ಲ,” ಎಂದ.

ಜನ ಕರಗುವುದನ್ನೇ ಕಾಯುತ್ತಿದ್ದ ಮಧುಕರ್ ಪೂಜೆಗೆ ತಂದು ಉಳಿದಿದ್ದ ಕಾಯಿಯೊಂದನ್ನು ಹಿಡಿದು ಬಂದ. “ಮುಕ್ತಾರಣ್ಣ, ಒಂದ್ಸಲ ನೋಡ್ಬಿಡಿ.”

“ಇವತ್ತಾ? ಈಗ ತಾನೆ ಮಣ್ಣು ಹಾಕಿ ಬಂದಿದೀವಿ ಮಧು.”

“ನಾಳೆ ನೀವು ಹೊಸೂರಿಗೆ ಹೋಗ್ತೀರಿ, ನಾಳಿದ್ದು ರಿಗ್ ಬರುತ್ತೆ. ವಾಪಸ್ ಕಳಿಸಿದ್ರೆ ಈ ಬೇಸಿಗೇಲಿ ಇನ್ನು ಸಿಗಲ್ಲಣ್ಣ. ನಂಗೇನು ಇವತ್ತೇ ಇಷ್ಟಾನಾ?”

ಮುಕ್ತಾರ್ ಮನಸ್ಸಿಲ್ಲದೆ ಕಾಯಿ ತೆಗೆದುಕೊಂಡ. ಬಾವಿಯ ಸುತ್ತ ನಡೆದ. ಬಾಡಿಗೆ ಕೋಣೆಗಳ ಗೋಡೆಯುದ್ದಕ್ಕೂ ನಡೆದ. ಗೇಟಿನವರೆಗೆ ಹೋಗಿ ತಿರುಗಿದ. ಕಾಯಿ ಮಲಗಿದ್ದಂತೆಯೇ ಇತ್ತು. ಉಳಿದದ್ದು ಮಂಚದ ಸುತ್ತಿನ ನೆಲ ಮಾತ್ರ. ದೀಪಕ್ಕೆ ಎಣ್ಣೆ ಬಿಡುತ್ತಿದ್ದ ಮುನಿವೆಂಕಟಮ್ಮ ಎಣ್ಣೆ ಬಟ್ಟಲು ಕೆಳಗಿಟ್ಟು ಮಂಚಕ್ಕೆ ಒತ್ತಿ ಕುಳಿತಳು.

ಮುಕ್ತಾರ್ ಮಂಚದ ಪಕ್ಕಕ್ಕೆ ಬಂದ. ಕಾಯಿಯ ಜುಟ್ಟು ಅಲುಗಿತು. ಅವನು ಕಾಯಿಯನ್ನು ನೋಡಿದ, ಮಂಚವನ್ನು ನೋಡಿದ, ಆಮೇಲೆ ಅವಳನ್ನು ನೋಡಿದ. ಆರು ವರ್ಷ ಕೇಳಿದ ಪ್ರಶ್ನೆಗೆ ಉತ್ತರ ಅಂಗೈಯಲ್ಲೇ ಸಿಕ್ಕಿತ್ತು. ಹೆಬ್ಬೆರಳಿನಿಂದ ಕಾಯಿಯನ್ನು ಒತ್ತಿ ಹಿಡಿದ.

“ಇಲ್ಲ ಮಧು. ಈ ಅಂಗಳದಲ್ಲಿ ಏನೂ ಇಲ್ಲ.”

ಮಧುಕರ್ ನೋಡುತ್ತಿದ್ದುದು ಆ ಹೆಬ್ಬೆರಳನ್ನು. ಉಗುರು ಬೆಳ್ಳಗಾಗಿತ್ತು. ರಜೆಯ ದಿನಗಳನ್ನೆಲ್ಲ ಅಪ್ಪನ ಕಾಯಿಯ ಹಿಂದೆ ಕಳೆದವನಿಗೆ, ಏಳುವ ಕಾಯಿಯನ್ನು ಮಲಗಿಸಲು ಎಷ್ಟು ಒತ್ತಬೇಕೆಂದು ಗೊತ್ತಿತ್ತು.

“ಅಮ್ಮ, ಅಪ್ಪಂಗೆ ಗೊತ್ತಿತ್ತಾ?”

ಅವಳು ದೀಪದ ಬತ್ತಿ ಸರಿಮಾಡಿದಳು.

“ಆರು ವರ್ಷ... ನನ್ನ ಕಣ್ಮುಂದೇನೇ ಅದರ ಮೇಲೆ ಮಲಗಿದ್ರಾ?” ಅವನ ಕಣ್ಣು ತುಂಬಿತು. ಸಿಟ್ಟಿಗೋ ದುಃಖಕ್ಕೋ ಅವನಿಗೇ ತಿಳಿದಂತಿರಲಿಲ್ಲ. ಮೂಗೊರೆಸಿಕೊಂಡು, ಮಗುವನ್ನು ರಮಿಸುವವನ ದನಿಯಲ್ಲಿ, “ಮಂಚ ಸ್ವಲ್ಪ ಆ ಕಡೆ ಹಾಕ್ತೀನಮ್ಮ. ಸ್ವಲ್ಪ ಅಷ್ಟೆ. ದೀಪ ಹಂಗೇ ಇರ್ಲಿ. ಬಾ ಹುಸೇನಪ್ಪ, ಹಿಡ್ಕೊ,” ಎಂದ.

ಮುನಿವೆಂಕಟಮ್ಮ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಡ ಸತ್ತ ಮಂಚವನ್ನು ಹತ್ತಿ ಮಲಗಿದಳು.

“ಅಯ್ಯೋ, ಏಳೇ! ಜೀವ ಹೋದ ಮಂಚ ಕಣೇ ಅದು!” ಎಂದು ಬಾಲಮ್ಮ ಎದೆ ಬಡಿದುಕೊಂಡಳು.

ಮಧುಕರನ ಜೇಬಿನಲ್ಲಿ ಫೋನ್ ಹೊಡೆದುಕೊಳ್ಳತೊಡಗಿತು. ಅವನು ತೆಗೆಯಲಿಲ್ಲ. “ಎಷ್ಟು ದಿನ ಅಮ್ಮ ಹಿಂಗೆ?” ಎಂದ.

ಅವಳು ಎರಡೂ ಕೈಯಿಂದ ಹಗ್ಗ ಹಿಡಿದುಕೊಂಡು ಮಗನನ್ನೇ ನೋಡುತ್ತಿದ್ದಳು. ಹಗ್ಗದಲ್ಲಿ ಗಂಡನ ಬೆನ್ನಿನ ತಗ್ಗು ಹಾಗೇ ಇತ್ತು. ಅವಳು ಅವನಷ್ಟು ಉದ್ದವಿಲ್ಲ. ಕಾಲಿನ ಕಡೆ ಇನ್ನೊಬ್ಬರು ಕೂರುವಷ್ಟು ಜಾಗ ಉಳಿದಿತ್ತು. ಹುಸೇನಪ್ಪ ಆ ತುದಿಗೆ ಬಂದು ಮಂಚದ ಕಾಲಿಗೆ ಕೈ ಹಾಕಿ, ಯಜಮಾನನ ಮಾತಿಗೆ ಕಾದು ನಿಂತ.

ಬಾವಿಯಲ್ಲಿ ರಾಟೆ ಕಿರುಗುಟ್ಟುತ್ತಿತ್ತು. ಜಟ್ಟೆಮ್ಮ ತನ್ನ ಮನೆಯ ಆರನೆಯ ಕೊಡವನ್ನು ಎತ್ತಿ ಸೊಂಟಕ್ಕಿಟ್ಟುಕೊಂಡು ಬಂದಳು. ಗಂಡನನ್ನು ಭುಜದಿಂದ ಸರಿಸಿ, ಕೊಡವನ್ನು ದೀಪದ ಪಕ್ಕದಲ್ಲಿಟ್ಟು, ಮುನಿವೆಂಕಟಮ್ಮನ ಕಾಲ ಬಳಿ ಉಳಿದಿದ್ದ ಜಾಗದಲ್ಲಿ ಕುಳಿತಳು.