ತುಂಗೆಯ ನಾಲಿಗೆ ಹಿಡಿದವಳು ನಾನು

ಕುಂಬಾರಕೊಪ್ಪಲಿನ ನಮ್ಮ ಬೀದಿಯಲ್ಲಿ ಹಸು ಕಟ್ಟುವ ಮನೆಗಳು ಈಗ ನಾಲ್ಕೋ ಐದೋ ಉಳಿದಿವೆ. ಯಾರ ಮನೆಯ ಹಸು ಮೇವು ಬಿಟ್ಟರೂ ಮೊದಲು ಕರೆ ಬರುತ್ತಿದ್ದದ್ದು ನನ್ನ ಮಾವ ಸಿದ್ದಲಿಂಗಸ್ವಾಮಿಯವರಿಗೆ. ಕೊಟ್ಟಿಗೆಯ ಗೋಡೆಯಿಂದ ಗೊಟ್ಟ ತೆಗೆದುಕೊಂಡು ಹೊರಡುತ್ತಿದ್ದರು. ಗೊಟ್ಟ ಎಂದರೆ ತುದಿ ಓರೆಯಾಗಿ ಕೊಯ್ದ ಬಿದಿರಿನ ಕೊಳವೆ. ಅದರಲ್ಲಿ ಔಷಧ ತುಂಬಿ ದನದ ಗಂಟಲಿಗೆ ಸುರಿಯುತ್ತಾರೆ. ಮಾವನ ಕೈಗುಣ ದೊಡ್ಡದು ಎಂದು ಎಲ್ಲರೂ ಹೇಳುತ್ತಿದ್ದರು. ಸೊಸೆಯಾದ ನಾನೂ ಹೇಳಿಕೊಂಡು ತಿರುಗುತ್ತಿದ್ದೆ.

ನಮ್ಮ ಹಸು ತುಂಗೆ ಎರಡನೇ ಕರು ಹಾಕಿ ಎರಡು ತಿಂಗಳಾಗಿತ್ತು. ಒಂದು ಭಾನುವಾರ ಮದುವೆ ಛತ್ರದಲ್ಲಿ ಉಳಿದ ಅನ್ನವನ್ನು ಬಕೆಟ್‌ಗಟ್ಟಲೆ ತಂದು ಅದಕ್ಕೆ ಹಾಕಿದೆವು. ಸೋಮವಾರ ಬೆಳಿಗ್ಗೆ ಅದರ ಹೊಟ್ಟೆಯ ಎಡಗಡೆ ಉಬ್ಬಿಕೊಂಡಿತ್ತು.

"ಮಾವ, ದನದ ಆಸ್ಪತ್ರೆಗೆ ಫೋನ್ ಮಾಡ್ಲಾ?" ಎಂದೆ.

"ಒಟ್ಟೆ ಉಬ್ಬರಕ್ಕೆಲ್ಲಾ ಡಾಕ್ಟ್ರಾ? ಎಣ್ಣೆಗೆ ಓಂಕಾಳು, ಇಂಗು ಅರೆದು ಹಾಕು ಕಣಮ್ಮ. ಒಂದು ಗೊಟ್ಟ ಹುಯ್ದ್ರೆ ಸರಿ ಹೋಯ್ತದೆ" ಎಂದರು ಮಾವ.

ನನ್ನ ಗಂಡ ವಿಶ್ವನಾಥ್ ತುಂಗೆಯ ಮೂಗಿನ ಹೊಳ್ಳೆಗೆ ಬೆರಳು ಹಾಕಿ ತಲೆಯನ್ನು ಆಕಾಶಕ್ಕೆ ಎತ್ತಿ ಹಿಡಿದರು. ನಾನು ನಾಲಿಗೆಯನ್ನು ಪಕ್ಕಕ್ಕೆ ಎಳೆದು ಹಿಡಿದೆ. ಅದು ಕೊಸರಿತು. "ಬುಡ್ಬೇಡ ಕಣಮ್ಮ, ಗಟ್ಟಿಯಾಗಿ ಇಡ್ಕೊ" ಎಂದು ಮಾವ ಗದರಿದರು. ಹಿಡಿದೆ. ಒಂದೇ ಸಲಕ್ಕೆ ಪೂರ್ತಿ ಗೊಟ್ಟ ಸುರಿದರು. ತುಂಗೆ ಮೈಯೆಲ್ಲ ನಡುಗುವಂತೆ ಕೆಮ್ಮಿತು. ಮೂಗಿನಿಂದ ಎಣ್ಣೆ ಬಂತು.

"ಕೆಮ್ತು ನೋಡು, ಔಷ್ದ ಇಡೀತು" ಎಂದರು ಮಾವ. ನಮ್ಮಲ್ಲಿ ಹಾಗೆಯೇ ನಂಬಿಕೆ. ಕೆಮ್ಮಿದರೆ ಮದ್ದು ನಾಟಿತು ಅಂತ. ಎಂಥ ಬುದ್ಧಿವಂತರು ನಾವು!

ಸಂಜೆಯ ಹೊತ್ತಿಗೆ ಹೊಟ್ಟೆ ಇಳಿದಿತ್ತು. ಮಾವ ಮೀಸೆ ತಿರುವಿಕೊಂಡರು. ಮಂಗಳವಾರ ಬೆಳಿಗ್ಗೆ ನೋಡಿದರೆ ತುಂಗೆ ಕತ್ತು ಮುಂದಕ್ಕೆ ಚಾಚಿ, ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಯಾರನ್ನೂ ಕೇಳದೆ ಫೋನ್ ಮಾಡಿದೆ. ಡಾಕ್ಟರ್ ಕೀರ್ತಿ ಬಂದು ಎದೆಯ ಬಲಗಡೆ ಕಿವಿಗೊಟ್ಟು ಕೇಳಿದರು.

"ಗೊಟ್ಟ ಹಾಕಿದ್ರಾ?"

ಮಾವ ಗೋಡೆಯಲ್ಲಿದ್ದ ಗೊಟ್ಟದ ಕಡೆ ನೋಡಿದರು.

"ನಾಲಿಗೆ ಎಳೆದು ಹಿಡಿದಿದ್ದು ಯಾರು?"

ನಾನು ನೆಲ ನೋಡಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೂರು ದಿನ ಇಂಜೆಕ್ಷನ್ ಕೊಟ್ಟರು. ಗುರುವಾರ ಮಧ್ಯಾಹ್ನ ತುಂಗೆ ಸತ್ತಿತು.

"ಸೂಜಿ ಚುಚ್ಚಿ ಚುಚ್ಚೀನೇ ನಮ್ಮ ಹಸ ಕೊಂದ್ರಿ" ಎಂದು ಮಾವ ಡಾಕ್ಟರ ಮೇಲೆ ಕೂಗಾಡಿದರು.

"ಯಜಮಾನ್ರೇ, ಹೂಳೋ ಮುಂಚೆ ಕೊಯ್ದು ನೋಡೋಣ. ನನ್ನ ತಪ್ಪಾದ್ರೆ ನನಗೇ ಹೇಳಿ" ಎಂದರು ಡಾಕ್ಟರು.

ಗುಂಡಿಯ ಪಕ್ಕದಲ್ಲೇ ಕೊಯ್ದರು. ಮಾವ ಮುಖ ತಿರುಗಿಸಿಕೊಂಡು ನಿಂತಿದ್ದರು. ನಾನು ನೋಡಿದೆ. ನೋಡಲೇಬೇಕಿತ್ತು.

"ನೋಡಿ, ಗಂಟಲಲ್ಲಿ ಎರಡು ದಾರಿ. ಮೇಲಿಂದು ಮೇವಿಗೆ, ಕೆಳಗಿಂದು ಉಸಿರಿಗೆ. ಉಸಿರಿನ ದಾರಿಗೆ ಒಂದು ಮುಚ್ಚಳ ಇದೆ. ಹಸು ನುಂಗುವಾಗ ಮಾತ್ರ ಅದು ಮುಚ್ಚಿಕೊಳ್ಳುತ್ತೆ. ನುಂಗಬೇಕಾದ್ರೆ ನಾಲಿಗೆ ಆಡಬೇಕು. ನೀವು ನಾಲಿಗೆ ಹಿಡಿದ್ರಿ, ತಲೆ ಎತ್ತಿದ್ರಿ. ಮುಚ್ಚಳ ತೆರೆದೇ ಇತ್ತು" ಎಂದರು ಡಾಕ್ಟರು.

ಉಂಗುರ ಉಂಗುರವಾಗಿದ್ದ ಉಸಿರಿನ ಕೊಳವೆಯನ್ನು ಉದ್ದಕ್ಕೆ ಸೀಳಿದರು. ಅದು ಎಡಕ್ಕೂ ಬಲಕ್ಕೂ ಒಡೆಯುವ ಮೊದಲೇ ಬಲಗಡೆಗೆ ಒಂದು ಕವಲು ಹೋಗಿತ್ತು. ಹಸುವಿಗೆ ಹಾಗಿರುತ್ತದಂತೆ. ದಾರಿ ತಪ್ಪಿದ ಔಷಧ ಹೆಚ್ಚಾಗಿ ಅಲ್ಲಿಂದಲೇ ಬಲ ಶ್ವಾಸಕೋಶದ ಮುಂಭಾಗಕ್ಕೆ ಇಳಿಯುತ್ತದಂತೆ. ಆ ಭಾಗ ಕಪ್ಪಗೆ, ಗಟ್ಟಿಯಾಗಿತ್ತು. ಡಾಕ್ಟರು ಹಿಂಭಾಗದ ಚೆನ್ನಾಗಿದ್ದ ಒಂದು ಚೂರನ್ನು ನೀರಿನ ಬಕೆಟ್‌ಗೆ ಹಾಕಿದರು. ತೇಲಿತು. ಕಪ್ಪು ಚೂರು ಹಾಕಿದರು. ಗಾಳಿಯಿಲ್ಲದ ಅದು ಕಲ್ಲಿನ ಹಾಗೆ ಮುಳುಗಿತು. ಕವಲಿನೊಳಗೆ ಓಂಕಾಳಿನ ತರಿ ಅಂಟಿತ್ತು. ಅರೆದವಳು ನಾನೇ, ಗುರುತು ಸಿಗದೆ ಇರುತ್ತದೆಯೇ?

ಮಾವ ಈಗ ತಿರುಗಿ ನೋಡಿದರು. ಬಕೆಟ್ ಪಕ್ಕ ಕೂತರು.

ಹದಿನೈದು ದಿನ ಕಳೆದಿತ್ತು. ಹಿಂದಿನ ಬೀದಿಯ ಬೀರೇಶ್ ಓಡಿ ಬಂದ. "ಸ್ವಾಮಪ್ಪೋರೇ, ನಮ್ಮ ಹಸ ಒಟ್ಟೆ ಉಬ್ಕೊಂಡದೆ. ಗೊಟ್ಟ ತಕ್ಕೊಂಡು ಬಿರ್ರನೆ ಬನ್ನಿ" ಎಂದ.

ಮಾವ ಎದ್ದು ನಿಂತರು. "ನಿನ್ನ ನಾಲಿಗೆ ಆಚೆ ತೆಗಿ. ಕೈಯಲ್ಲಿ ಎಳೆದು ಇಡ್ಕೊ. ತಲೆ ಎತ್ತಿ ಸೂರು ನೋಡು" ಎಂದರು.

"ಇದೇನ್ ಬುದ್ಧಿ, ತಮಾಷೆ ಮಾಡ್ತೀರಾ?"

"ಇಡ್ಕೊಳೋ!"

ಬೀರೇಶ್ ಹಾಗೆಯೇ ಮಾಡಿದ.

"ಈಗ ಎಂಜಲು ನುಂಗು."

ಬೀರೇಶನಿಗೆ ಆಗಲಿಲ್ಲ. ಕಣ್ಣಲ್ಲಿ ನೀರು ಬಂತು. ಕೆಮ್ಮಿದ.

"ಆಗಲ್ಲ ಅಲ್ವಾ? ನಮ್ಮ ತುಂಗೆಗೂ ಆಗ್ಲಿಲ್ಲ. ಅದರ ಉಸಿರಿಗೇ ಎಣ್ಣೆ ಹುಯ್ದು ಕೊಂದೋನು ನಾನು, ಡಾಕ್ಟ್ರಲ್ಲ. ಹೋಗು, ಫೋನ್ ಮಾಡು" ಎಂದರು ಮಾವ. ಗೊಟ್ಟವನ್ನು ಎರಡು ಸೀಳಾಗಿ ಸೀಳಿ ಒಲೆಗೆ ಹಾಕಿದರು.

ಡಾಕ್ಟರು ಬಂದು ಬೀರೇಶನ ಹಸುವಿಗೆ ನೇರ ಹೊಟ್ಟೆಗೆ ಹೋಗುವ ನಳಿಕೆ ಹಾಕಿದರು. ಅದು ಉಳಿಯಿತು. ಬೀರೇಶನ ಮನೆ ಮುಂದೆ ಹೋಗುವಾಗೆಲ್ಲ ಅದು ಮೆಲುಕು ಹಾಕುತ್ತಿರುತ್ತದೆ. ನನಗೆ ಸಂತೋಷವಾಗುತ್ತದೆ, ಹೊಟ್ಟೆಕಿಚ್ಚೂ ಆಗುತ್ತದೆ. ಸುಳ್ಳು ಏಕೆ ಹೇಳಲಿ?

ಅಕ್ಕಂದಿರೇ, ಅಣ್ಣಂದಿರೇ, ಇನ್ನೊಂದು ಮಾತು ಹೇಳಬೇಕು. ಇದೇ ಡಾಕ್ಟರು ಹೋದ ವರ್ಷ ನಮ್ಮ ಮಹಿಳಾ ಸಂಘಕ್ಕೆ ಬಂದು ಇದನ್ನೆಲ್ಲ ಹೇಳಿದ್ದರು. ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ. ಸಹಿ ಹಾಕಿ, ಕೊಟ್ಟ ಬಿಸ್ಕೆಟ್ ತಿಂದು ಎದ್ದು ಬಂದೆ. ನೀವೂ ಈಗ ಹಾಗೆಯೇ ಕೂತಿರಬಹುದು. ಹಸು, ಕುರಿ, ಮೇಕೆ ಯಾವುದೇ ಇರಲಿ, ತಲೆ ಎತ್ತಿ ನಾಲಿಗೆ ಎಳೆದು ಏನನ್ನೂ ಸುರಿಯಬೇಡಿ. ಹೊಟ್ಟೆ ಉಬ್ಬಿದರೆ ತಡ ಮಾಡದೆ ದನದ ಆಸ್ಪತ್ರೆಗೆ ಫೋನ್ ಮಾಡಿ. ನನ್ನ ಮಾತಿನಲ್ಲಿ ನಂಬಿಕೆ ಇಲ್ಲದಿದ್ದರೆ ಈಗಲೇ, ಕೂತಲ್ಲೇ, ನಿಮ್ಮ ನಾಲಿಗೆ ಎಳೆದು ಹಿಡಿದು ಒಂದು ಗುಟುಕು ಎಂಜಲು ನುಂಗಿ ನೋಡಿ. ನೀವು ಕೈ ಬಿಟ್ಟು ಉಸಿರಾಡಬಹುದು. ತುಂಗೆಯ ನಾಲಿಗೆಯನ್ನು ನಾನು ಬಿಡಲಿಲ್ಲ.