ಕೊನೆಯ ಮೂರು ಸಾಲು

ಆ ಪ್ರಯೋಗಾಲಯದಲ್ಲಿ ಮುದುಕ ವಿಜ್ಞಾನಿಯೊಬ್ಬರನ್ನು ಎಲ್ಲರೂ ಮಾವ ಎಂದೇ ಕರೆಯುತ್ತಿದ್ದರು. ನಿಜಕ್ಕೂ ಅವರು ಮಾವ ಆಗಿದ್ದು ಒಬ್ಬಳಿಗೆ ಮಾತ್ರ, ಪರೀಕ್ಷಾ ವಿಭಾಗದ ಮುಖ್ಯಸ್ಥೆಗೆ. ಮದುವೆಯಾದ ಹೊಸದರಲ್ಲಿ ಅವಳು ಕಾರಿಡಾರಿನಲ್ಲಿ ಬಾಯಿತಪ್ಪಿ "ಮಾವಾ" ಎಂದು ಕೂಗಿದ್ದೇ ತಡ, ನಿರ್ದೇಶಕರಿಂದ ಹಿಡಿದು ಕಸ ಗುಡಿಸುವವಳ ತನಕ ಎಲ್ಲರಿಗೂ ಅವರು ಮಾವನಾಗಿಬಿಟ್ಟರು. ಇಷ್ಟೊಂದು ಸೊಸೆಯಂದಿರು ಅಳಿಯಂದಿರು ಇದ್ದೂ ಒಂದು ಲೋಟ ಚಹಾ ತಂದುಕೊಡುವವರಿಲ್ಲ ಎಂದು ಅವರು ಗೊಣಗುವುದು ಅಲ್ಲಿನ ಹಳೆಯ ತಮಾಷೆ.

ಅವರು ರೂಪಿಸಿದ್ದು ಕಣಗಳ ಜಾಡು ಹಿಡಿಯುವ ಪೆಟ್ಟಿಗೆ. ಆಳೆತ್ತರದ ಪೆಟ್ಟಿಗೆ, ಒಳಗೆ ಅನಿಲ, ಅನಿಲದ ನಡುವೆ ಕೂದಲಿಗಿಂತ ತೆಳುವಾದ, ಚಿನ್ನ ಲೇಪಿಸಿದ ಸಾವಿರಾರು ತಂತಿಗಳು. ಕಣವೊಂದು ಹಾದುಹೋದರೆ ಹತ್ತಿರದ ತಂತಿಗಳು ಮಿಡಿಯುತ್ತವೆ. ಮಿಡಿದ ಜಾಗಗಳನ್ನು ಗೆರೆ ಎಳೆದು ಸೇರಿಸಿದರೆ ಅದು ನಡೆದ ದಾರಿ ಸಿಗುತ್ತದೆ. ಹೇಳಲು ಇಷ್ಟೇ. ಮಾಡಲು ಮಾವನ ಅರ್ಧ ಆಯುಸ್ಸು ಹಿಡಿದಿತ್ತು. ಪ್ರಯೋಗಕ್ಕೆ ಅಂಥ ಎರಡು ಬೇಕಿತ್ತು. ಮೊದಲನೆಯದು ಪರೀಕ್ಷೆಯಲ್ಲಿತ್ತು, ಎರಡನೆಯದಕ್ಕೆ ತಂತಿ ಕಟ್ಟುವ ಕೆಲಸ ನಡೆದಿತ್ತು. ಅದರ ಕೊನೆಯ ತಂತಿಯನ್ನು ತಾವೇ ಕಟ್ಟಬೇಕೆಂಬುದೊಂದೇ ಮಾವನಿಗೆ ಉಳಿದಿದ್ದ ಆಸೆ. ಅತ್ತೆ ತೀರಿಕೊಂಡ ಮೇಲೆ ಬೆಳಿಗ್ಗೆ ಅವರನ್ನು ಹಾಸಿಗೆಯಿಂದ ಎಬ್ಬಿಸುತ್ತಿದ್ದದ್ದೂ ಅದೇ.

ಅವರದೊಂದು ಹಠವಿತ್ತು. ಕೈಗವಸಿನ ಹೆಬ್ಬೆರಳು, ತೋರುಬೆರಳುಗಳ ತುದಿ ಕತ್ತರಿಸಿಯೇ ಹಾಕಿಕೊಳ್ಳುತ್ತಿದ್ದರು. ತಂತಿಯ ಬಿಗಿ ಚರ್ಮಕ್ಕೆ ತಿಳಿಯಬೇಕು ಅನ್ನುವರು. ಯಂತ್ರದಲ್ಲಿ ಅಳೆದರೂ ಅವರ ಬಿಗಿ ಸರಿಯೇ ಇರುತ್ತಿದ್ದುದರಿಂದ ಯಾರೂ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಹಾಗೂ ಮೂಗು ಮುರಿದವರ ಬಾಯನ್ನು ಸೊಸೆಯೇ ಮುಚ್ಚಿಸುತ್ತಿದ್ದಳು.

ಮೊದಲ ಪೆಟ್ಟಿಗೆ ಪರೀಕ್ಷೆಯಲ್ಲಿ ಸತ್ತಿತು. ವರ್ಷಗಟ್ಟಲೆ ತಾಳಬೇಕಾದ ವಿಕಿರಣವನ್ನು ಕೆಲವೇ ತಿಂಗಳಲ್ಲಿ ಸುರಿದು ನೋಡುವ ಪರೀಕ್ಷೆ ಅದು. ಶುರುವಿನಲ್ಲಿ ಚೆನ್ನಾಗಿದ್ದ ಮಿಡಿತ ಬರಬರುತ್ತ ಸೋತು, ತಂತಿಗಳ ಕೊನೆಯ ಮೂರು ಸಾಲುಗಳಲ್ಲಿ ನಿಂತೇಹೋಯಿತು. ಸೊಸೆ ಪೆಟ್ಟಿಗೆ ಬಿಚ್ಚಿಸಿ ಸತ್ತ ತಂತಿಯೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಬೂಷ್ಟು ಹಿಡಿದ ಹಾಗೆ ಚಿನ್ನದ ಮೇಲೆ ಬಿಳಿ ರೋಮ ಎದ್ದಿತ್ತು. ಎಲ್ಲಿಂದಲೋ ಸಿಲಿಕೋನ್ ಎಂಬ ಎಣ್ಣೆಯಂಥ ವಸ್ತು ಸೇರಿತ್ತು. ಆ ತಂತಿಗಳಿಗೆ ಅದರ ಲವಲೇಶವೂ ವಿಷ.

ಎಲ್ಲರೂ ಅನಿಲದ ಕೊಳವೆಗಳ ಮೇಲೆ ಗೂಬೆ ಕೂರಿಸಿದರು. ಅವಳಿಗೆ ಸಮಾಧಾನವಾಗಲಿಲ್ಲ. ಅನಿಲ ಪೆಟ್ಟಿಗೆಯ ತುಂಬ ಓಡಾಡುತ್ತದೆ; ವಿಷ ಅದರಲ್ಲಿದ್ದರೆ ಮೂರೇ ಸಾಲು ಯಾಕೆ ಸಾಯಬೇಕು? ಆ ಮೂರು ಸಾಲು ಕಟ್ಟಿದ್ದು ಯಾರೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕಳೆದ ಚಳಿಗಾಲದಲ್ಲಿ ಮಾವ ಒಬ್ಬರೇ ಕೂತು ಕಟ್ಟಿದ್ದರು.

ಆ ಚಳಿಗಾಲ ಅವಳಿಗೆ ಚೆನ್ನಾಗಿ ನೆನಪಿತ್ತು. ಶುಚಿ ಮಾಡುವ ದ್ರಾವಕಗಳಲ್ಲಿ ಅದ್ದಿ ಅದ್ದಿ ಮಾವನ ಬೆರಳು ಬಿರಿದು ರಕ್ತ ಒಸರುತ್ತಿತ್ತು. ತುತ್ತು ಎತ್ತುವಾಗಲೂ ಮುಖ ಕಿವುಚುತ್ತಿದ್ದರು. ನೋಡಲಾರದೆ ಔಷಧಿ ಅಂಗಡಿಯಿಂದ ಮುಲಾಮು ತಂದವಳು ಅವಳೇ. ದಿನಾ ಬೆಳಿಗ್ಗೆ ಅಡುಗೆಮನೆಯ ಮೇಜಿಗೆ ಕೂರಿಸಿ, ಮಗುವಿಗೆ ಹಚ್ಚುವ ಹಾಗೆ ಒಂದೊಂದೇ ಬೆರಳಿಗೆ ಹಚ್ಚಿದವಳೂ ಅವಳೇ. "ನನ್ನ ಮಗ ಜೀವಮಾನದಲ್ಲಿ ಮಾಡಿದ್ದು ಒಂದೇ ಒಳ್ಳೆ ಕೆಲ್ಸ, ನಿನ್ನನ್ನ ಕಟ್ಕೊಂಡಿದ್ದು" ಎಂದು ಮಾವ ನಗುತ್ತಿದ್ದರು. ಅವಳ ಗಂಡ ತಲೆ ಎತ್ತದೆ ತಿಂಡಿ ತಿನ್ನುತ್ತಿದ್ದ.

ತಂತಿ ಕಟ್ಟುವ ಕೋಣೆಯ ಬಾಗಿಲಿನ ಮೇಲೆ ಅವಳೇ ಬರೆದು ಅಂಟಿಸಿದ್ದಳು: ತಲೆಗೆ ಎಣ್ಣೆ ಬೇಡ, ತುಟಿಗೆ ಬಣ್ಣ ಬೇಡ, ಕೈಗೆ ಕ್ರೀಮು ಬೇಡ. ಹೊಸದಾಗಿ ಸೇರಿದವಳೊಬ್ಬಳನ್ನು, ತುಟಿ ಒರೆಸಿಕೊಂಡು ಬಾ ಎಂದು ಎಲ್ಲರೆದುರು ಗದರಿಸಿಯೂ ಇದ್ದಳು. ಮಾವನ ಕೈಗೆ ತಾನು ಹಚ್ಚುತ್ತಿದ್ದದ್ದೂ ಕ್ರೀಮೇ ಎಂದು ಅವಳಿಗೆ ಹೊಳೆದೇ ಇರಲಿಲ್ಲ. ಅದು ಔಷಧಿ ಅಲ್ಲವೇ!

ಮನೆಗೆ ಬಂದವಳೇ ಟ್ಯೂಬು ತಿರುಗಿಸಿ ನೋಡಿದಳು. ಸಿಲಿಕೋನ್ ಇದೆಯೆಂದು ಬರೆದೇ ಇತ್ತು. ಮುಚ್ಚಿಡುವ ಆಸೆ ಆಗಲಿಲ್ಲವೇ ಎಂದರೆ, ಆಯಿತು. ತಪ್ಪನ್ನು ಕೊಳವೆಗಳ ತಲೆಗೆ ಕಟ್ಟಿಬಿಟ್ಟರೆ ಕೇಳುವವರಿರಲಿಲ್ಲ. ಆದರೆ ಅದೇ ಬೆರಳುಗಳು ನಾಳೆ ಎರಡನೆಯ ಪೆಟ್ಟಿಗೆಗೆ ಇಳಿಯುವುದಿತ್ತು.

"ಮಾವ, ಆ ಮೂರು ಸಾಲು ಹೋಗಿದ್ದು ಕೊಳವೆಯಿಂದ ಅಲ್ಲ."

"ಮತ್ತೆ?"

ಅವಳು ಟ್ಯೂಬನ್ನು ಮೇಜಿನ ಮೇಲಿಟ್ಟಳು. ಅವರು ಕನ್ನಡಕ ಹಾಕಿಕೊಂಡು ಓದಿದರು. ಬಿಡಿಸಿ ಹೇಳಬೇಕಾಗಲಿಲ್ಲ.

"ತಂದಿದ್ದು ನಾನು, ಹಚ್ಚಿದ್ದೂ ನಾನು. ಎಲ್ರಿಗೂ ಹೇಳ್ಬಿಡ್ತೀನಿ ಮಾವ."

"ಬೇಡ. ಗವಸಿನ ತುದಿ ಕತ್ತರಿಸ್ಕೊಂಡಿದ್ದು ನೀನಲ್ವಲ್ಲ. ನನ್ನ ಕೈಯಿಂದ ಆಯ್ತು ಅಂತ ಹೇಳು, ಅಷ್ಟು ಸಾಕು." ಅವರು ಟ್ಯೂಬನ್ನು ಅವಳ ಕಡೆ ಸರಿಸಿದರು. "ಒಳ್ಳೆ ಮುಲಾಮು ಕಣಮ್ಮ. ಕೈ ವಾಸಿ ಆಗಿತ್ತು."

ಅವಳಿಗೆ ಅಳು ತಡೆಯಲಾಗಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು ಅನ್ನಿಸಿತು.

ಮಾವ ಅಂದಿನಿಂದ ಕೈಗೆ ಏನನ್ನೂ ಹಚ್ಚಲಿಲ್ಲ; ಬೆರಳುಗಳು ಮತ್ತೆ ಬಿರಿಯತೊಡಗಿದವು. ತಂತಿ ಕಟ್ಟುವ ಕೆಲಸದಿಂದ ದೂರ ಉಳಿದರು. ಕೊನೆಯದೊಂದನ್ನು ಮಾತ್ರ ಅವರಿಗೇ ಬಿಡಿ ಎಂದು ಅವಳು, ಕಾರಣ ತಿಳಿದಿದ್ದ ನಿರ್ದೇಶಕರ ಬಳಿ ಜಗಳವಾಡಿ ಒಪ್ಪಿಸಿದಳು. ಗವಸು ಮಾತ್ರ ಇಡಿಯಾಗಿರಬೇಕು ಎಂದರು ನಿರ್ದೇಶಕರು.

ಕೊನೆಯ ತಂತಿ ಕಟ್ಟುವ ದಿನ ಎಲ್ಲರೂ ಗಾಜಿನಾಚೆ ನಿಂತು ನೋಡುತ್ತಿದ್ದರು; ಅವಳೊಬ್ಬಳು ಒಳಗೆ ಮಾವನ ಪಕ್ಕದಲ್ಲಿದ್ದಳು. ಮಾವ ಹೊಸ ಗವಸು ಹಾಕಿಕೊಂಡು ತಂತಿ ಹಿಡಿದರು. ಗವಸಿನೊಳಗೆ ಅವರಿಗೆ ಬಿಗಿ ತಿಳಿಯಲಿಲ್ಲ. ಹೆಚ್ಚು ಎಳೆದರು, ತಂತಿ ತುಂಡಾಯಿತು. ಇನ್ನೊಂದು ಕೊಟ್ಟರು, ಅದೂ ತುಂಡಾಯಿತು. ಅಷ್ಟರಲ್ಲಿ ತೆಳು ಬಿಳಿ ಗವಸಿನ ತುದಿಯಲ್ಲಿ ಒಳಗಿನಿಂದ ಕೆಂಪು ಹರಡುತ್ತಿದ್ದುದನ್ನು ಅವಳು ಕಂಡಳು. ಅವರೂ ಕಂಡರು, ಕೈಯನ್ನು ಪೆಟ್ಟಿಗೆಯಿಂದ ಆಚೆ ತೆಗೆದರು.

"ನೀನು ಕಟ್ಟಮ್ಮ," ಎಂದರು. "ಇದೂ ಸಾಯೋದು ಬೇಡ."

ಅವಳು ಕಟ್ಟಿದಳು. ಯಂತ್ರ ಬಿಗಿ ಸರಿಯಿದೆ ಎಂದಿತು. ಗಾಜಿನಾಚೆ ಚಪ್ಪಾಳೆ ಬಿತ್ತು. ಮಾವನೂ ತಟ್ಟಲು ಕೈ ಎತ್ತಿ, ನೋವಿಗೆ ಹಾಗೇ ಇಳಿಸಿದರು.

ಮನೆಗೆ ಹೋಗುವ ದಾರಿಯಲ್ಲಿ ಅವಳು ಬೇರೆ ಮುಲಾಮು ಕೊಂಡಳು. ಈ ಸಲ ಅಂಗಡಿಯಲ್ಲೇ ನಿಂತು ಅಕ್ಷರ ಅಕ್ಷರ ಓದಿದಳು, ಸಿಲಿಕೋನ್ ಇರಲಿಲ್ಲ. ಮರುದಿನ ಬೆಳಿಗ್ಗೆ ಮೇಜಿನ ಬಳಿ ಕಾದಳು. ಮಾವ ಬರಲಿಲ್ಲ. ಕೋಣೆಗೆ ಹೋಗಿ ನೋಡಿದರೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಕಣ್ಣು ತೆರೆದೇ ಇತ್ತು.

"ಏಳಿ ಮಾವ, ಕೈ ಕೊಡಿ. ಇದರಲ್ಲಿ ಅದಿಲ್ಲ."

"ಇದ್ರೆ ತಾನೇ ಏನಮ್ಮ ಇನ್ನು," ಎಂದು ಮಾವ ಎರಡೂ ಕೈಗಳನ್ನು ಹೊದಿಕೆಯೊಳಗೆ ಎಳೆದುಕೊಂಡರು.